ನೀರು ಎಲ್ಲಿಂದ ಬಂತು?

ನಮ್ಮತ್ತೆ ಜಾರಿ ಬಿದ್ದದ್ದು 2024ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ. 84 ವರ್ಷದ ಜೀವ. ಹಿತ್ತಿಲಿನ ತುಳಸಿಗೆ ನೀರು ಹಾಕಲೆಂದು ಅಡುಗೆಮನೆಯ ಹಿಂದಿನ ಯುಟಿಲಿಟಿ ದಾಟಿ ಹೋಗುತ್ತಿದ್ದವರು ಗೋಡೆ ಹಿಡಿಯುವಷ್ಟರಲ್ಲಿ ಕುಳಿತೇಬಿಟ್ಟಿದ್ದರು. ದೇವರು ದೊಡ್ಡವನು, ಸೊಂಟ ಉಳಿಯಿತು. ಮೊಣಕೈ ಬಾತುಕೊಂಡದ್ದರಲ್ಲಿ ಮುಗಿಯಿತು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂಬುದನ್ನು ನಮ್ಮ ಬೀದಿಯಲ್ಲೇ ಎರಡು ಮನೆಗಳಲ್ಲಿ ಕಂಡಿದ್ದೇನೆ. ಅವರನ್ನು ಎಬ್ಬಿಸಿ ಕೂರಿಸಿ, ಮೊಣಕೈಗೆ ಎಣ್ಣೆ ನೀವುತ್ತಾ ನೆಲ ನೋಡಿದರೆ ನೀರು. ಸಾಕಷ್ಟು ನೀರು. ಡಿಶ್‌ವಾಷರಿನ ಮುಂದೆ ಒಂದು ಪುಟ್ಟ ಕೆರೆಯೇ ನಿಂತಿತ್ತು.

ಪಾತ್ರೆ ತೊಳೆಯಲೂ ಮೆಷಿನ್ನೇ ಎಂದು ಹುಬ್ಬೇರಿಸುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮನೆಕೆಲಸದಾಕೆ ಬರುವುದು ನಿಂತಾಗ, ನಮ್ಮ ಮನೆಯ ಐದು ಜನರ ಮುಸುರೆ ಪಾತ್ರೆ ನನ್ನೊಬ್ಬಳ ಪಾಲಿಗೆ ಬಂತು. ಮದುವೆಯಾಗಿ 40 ವರ್ಷ ಆಗಿತ್ತು. ಆಕೆ ಬರಲಿ ಬಿಡಲಿ, ದಿನಕ್ಕೆ ಸರಾಸರಿ ಎರಡು ಗಂಟೆಯನ್ನು ನಾನು ಸಿಂಕಿನ ಮುಂದೆ ಕಳೆದಿದ್ದೇನೆ. ಒಂದು ಮಧ್ಯಾಹ್ನ ಕೂತು ಲೆಕ್ಕ ಹಾಕಿದೆ. 29,200 ಗಂಟೆ. ಅಂದರೆ ಹಗಲು ರಾತ್ರಿ ಸೇರಿಸಿ ಮೂರು ವರ್ಷ ನಾಲ್ಕು ತಿಂಗಳು, ಊಟ ನಿದ್ದೆ ಬಿಟ್ಟು ನಿಂತ ಹಾಗೆ. ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದ ಹೆಂಗಸು ನಾನು. ಅಷ್ಟು ಗಂಟೆಗಳಲ್ಲಿ ಇನ್ನೇನಾದರೂ ಓದಬಹುದಿತ್ತೆಂದು ಅನಿಸಿದರೆ ಅದು ಸೋಮಾರಿತನ ಎನ್ನುವಿರಾದರೆ ಹಾಗೇ ಇರಲಿ. ಮಗ 2021ರ ಜುಲೈನಲ್ಲಿ ಈ ಮೆಷಿನ್ ಕೊಡಿಸಿದ. ನನಗೆ ನಾಚಿಕೆಯಾಗಲಿಲ್ಲ, ಈಗಲೂ ಆಗುವುದಿಲ್ಲ.

ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಅದನ್ನು ಮುಂದೆ ಹೇಳುತ್ತೇನೆ.

ಕಂಪನಿಗೆ ಫೋನ್ ಮಾಡಿದೆ. ಯಾವ ಕಂಪನಿ ಎಂಬುದು ಬೇಡ, ಎಲ್ಲವೂ ಒಂದೇ ಬಳ್ಳಿಯ ಕಾಯಿ. "ರಿಜಿಸ್ಟರ್ ಆಗಿರೋ ನಂಬರಿನಿಂದ ಮಾಡಿ ಮೇಡಂ" ಎಂದಳು ಆ ಕಡೆಯ ಹುಡುಗಿ. ರಿಜಿಸ್ಟರ್ ಆಗಿದ್ದದ್ದು ನಮ್ಮ ಯಜಮಾನರ ನಂಬರು. ಬಿಲ್ಲು ಮಗನ ಹೆಸರಿನಲ್ಲಿ, ನಂಬರು ಅಪ್ಪನದು, ಪಾತ್ರೆ ಜೋಡಿಸುವವಳು ನಾನು. ಮೂರು ವರ್ಷ ದಿನಕ್ಕೊಂದು ಸಲ ಆ ಮೆಷಿನ್ನಿನ ಬಾಗಿಲು ತೆಗೆದವಳಿಗೆ ಅದರ ಬಗ್ಗೆ ದೂರು ಕೊಡುವ ಅಧಿಕಾರವಿರಲಿಲ್ಲ. ಯಜಮಾನರ ಮೊಬೈಲಿಗೆ ಬಂದ ಓ.ಟಿ.ಪಿ. ಹೇಳಿದ ಮೇಲೆ ನಮ್ಮ ನೀರಿಗೊಂದು ನಂಬರು ಸಿಕ್ಕಿತು.

ನಾಲ್ಕನೆಯ ದಿನ ಹುಡುಗನೊಬ್ಬ ಬಂದ. ಬಂದವನೇ "ಸರ್ ಇಲ್ವಾ ಮೇಡಂ?" ಎಂದ. "ಸೋರ್ತಿರೋದು ಸರ್ ಅಲ್ಲಪ್ಪ, ಮೆಷಿನ್ನು. ಏನು ಕೇಳಬೇಕೋ ನನ್ನನ್ನು ಕೇಳು" ಎಂದೆ. ನಕ್ಕ. ಆದರೂ ಒಳಗೆ ಪೇಪರ್ ಓದುತ್ತಿದ್ದ ಯಜಮಾನರು ಎದ್ದು ಬರುವವರೆಗೆ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಅವರು ಬಂದ ಮೇಲೆ ಬಾಗಿಲು ತೆಗೆದ, ಇಣುಕಿದ, ಮುಚ್ಚಿದ. "ಲೇಡೀಸು ಮಾಮೂಲಿ ಪಾತ್ರೆ ಲಿಕ್ವಿಡ್ ಹಾಕಿಬಿಡ್ತಾರೆ ಸರ್, ನೊರೆ ಬಂದು ಪಂಪು ಹೋಗುತ್ತೆ. ಪಂಪು ಹೋಗಿದೆ. 8,500 ಆಗುತ್ತೆ. ಅದರ ಬದಲು ಎಕ್ಸ್‌ಚೇಂಜ್‌ನಲ್ಲಿ ಹೊಸದೇ ತಗೊಳ್ಳಿ, ಇದಕ್ಕೂ ಮೂರು ವರ್ಷ ಆಯ್ತಲ್ಲ" ಎಂದ. ಬಂದುಹೋದದ್ದಕ್ಕೆ 500 ರೂಪಾಯಿ ಬೇರೆ.

ನಾನು ಯಜಮಾನರ ಮುಖ ನೋಡಿದೆ. ಅವರು ಸೀಲಿಂಗ್ ಫ್ಯಾನ್ ನೋಡಿದರು. ಕಳೆದ ಶ್ರಾವಣದಲ್ಲಿ ನಾನು ತಂಗಿಯ ಮನೆಗೆ ಹೋಗಿದ್ದಾಗ ಮೆಷಿನ್ನಿನ ಪುಡಿ ಮುಗಿದಿದೆಯೆಂದು ಸಿಂಕಿನ ಪಕ್ಕದ ಲಿಕ್ವಿಡ್ಡನ್ನು ಎರಡು ಚಮಚ ಸುರಿದು, ಬಾಗಿಲಿನ ಸುತ್ತ ಹಸುವಿನ ಬಾಯಿನೊರೆಯಂತೆ ಉಕ್ಕಿಸಿದವರು ಈ ಮಹಾಶಯರೇ. ಆದರೂ ತೀರ್ಪು ಬಂದದ್ದು "ಲೇಡೀಸು" ಎಂದು. ಅವರು ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. "ಶ್ರಾವಣದಲ್ಲಿ ನೊರೆ ಬಂತು, ಅವತ್ತೇ ನಿಂತೂ ಹೋಯ್ತು. ಆಮೇಲೆ ಎರಡು ತಿಂಗಳು ಒಂದು ಹನಿ ಇಲ್ಲ. ಈಗಿನ ನೀರು ಎಲ್ಲಿಂದ ಬಂತು, ತೋರಿಸು" ಎಂದೆ. "ಅದು ಒಳಗಡೆ ಮೇಡಂ, ನಿಮಗೆ ಗೊತ್ತಾಗಲ್ಲ" ಎಂದು ಹೊರಟುಹೋದ.

ಈ ಬರಹವೆಲ್ಲ ಆ ಒಂದು ವಾಕ್ಯದ ಮೇಲಿನ ನನ್ನ ಜಗಳ. ನಿಮಗೆ ಗೊತ್ತಾಗಲ್ಲ.

ಯಾಕಪ್ಪ ಗೊತ್ತಾಗಲ್ಲ? ನಾನು ಮದುವೆಯಾಗಿ ಬಂದಾಗ ನಮ್ಮ ಮನೆಯಲ್ಲಿ ಪಂಪ್ ಸ್ಟೌ ಇತ್ತು. ಉರಿ ಒಂದೇ ಕಡೆ ವಾಲಿದರೆ ಪಿನ್ ಹಾಕಬೇಕು, ಪಂಪ್ ಹಿಡಿಯದಿದ್ದರೆ ಒಳಗಿನ ತೊಗಲಿನ ವಾಷರ್ ಬಿಚ್ಚಿ ಎಣ್ಣೆ ಸವರಬೇಕು ಎಂಬುದನ್ನು ಅತ್ತೆ ಕಲಿಸಿದ್ದರು. ಅವರು ಮೂರನೇ ಕ್ಲಾಸು ಓದಿದವರು. ಕುಕ್ಕರ್ ವಿಷಲ್ ಕೂಗದೆ ಪಕ್ಕದಲ್ಲಿ ಹಬೆ ಬಿಟ್ಟರೆ ಕರ್ನಾಟಕದ ಯಾವ ಹೆಣ್ಣುಮಗಳಾದರೂ ಏನು ಮಾಡುತ್ತಾಳೆ? ಮೊದಲು ಮುಚ್ಚಳದ ಅಂಚು ನೋಡುತ್ತಾಳೆ, ಅನ್ನದ ಅಗುಳು ಸಿಕ್ಕಿಕೊಂಡಿದೆಯೇ ಎಂದು. ಆಮೇಲೆ ಗ್ಯಾಸ್ಕೆಟ್ ತೆಗೆದು ತಣ್ಣೀರಿಗೆ ಹಾಕುತ್ತಾಳೆ. ಬಿಗಿಯಾಗದಿದ್ದರೆ ಹೊಸದು ತರುತ್ತಾಳೆ. ಯಾರೂ ಅವಳಿಗೆ ಸರ್ಟಿಫಿಕೇಟು ಕೊಟ್ಟಿಲ್ಲ. ಸಿಲಿಂಡರ್ ಬಂದರೆ ಬಾಯಿಯಲ್ಲಿ ವಾಷರ್ ಇದೆಯೇ ಎಂದು ಮೊದಲು ನೋಡುವವಳೂ ಅವಳೇ. ಮಿಕ್ಸಿ ಜಾರು ಅಡಿಯಿಂದ ಸೋರಿದರೆ ಬುಷ್ ಸವೆದಿದೆ ಎಂದು ವಾಸನೆಯಲ್ಲೇ ಹೇಳಬಲ್ಲಳು. ಇದನ್ನೆಲ್ಲ ಗಂಡಸು ಮಾಡಿದರೆ ಮೆಕ್ಯಾನಿಕ್ಕು, ಹೆಂಗಸು ಮಾಡಿದರೆ ಅಡುಗೆ ಕೆಲಸ. ಗ್ಯಾಸ್ಕೆಟ್ಟು ಕುಕ್ಕರಿನಲ್ಲಿರುವವರೆಗೆ ನಮ್ಮದು, ಬಾಗಿಲಿರುವ ಪೆಟ್ಟಿಗೆಗೆ ಹೋದ ಕೂಡಲೇ "ಒಳಗಡೆ ಮೇಡಂ"!

ಇನ್ನೂ ಒಂದು ಸೋಜಿಗವಿದೆ. ಈ ಯಂತ್ರವನ್ನು ಕೆಲಸಕ್ಕೆ ಬರುವ ರೂಪಕ್ಕೆ ತಂದು ಪೇಟೆಗೆ ಬಿಟ್ಟವಳು ಹೆಂಗಸು. ಅಮೆರಿಕದ ಇಲಿನಾಯ್ ಪ್ರಾಂತದ ಶೆಲ್ಬಿವಿಲ್ ಎಂಬ ಊರಿನ ಜೋಸೆಫೀನ್ ಕಾಕ್ರೇನ್. 1883ರಲ್ಲಿ ಗಂಡ ತೀರಿಕೊಂಡ, ಸಾಲ ಬಿಟ್ಟುಹೋದ. ಆಕೆ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ, ಒಬ್ಬ ಮೆಕ್ಯಾನಿಕ್ಕನನ್ನು ಜೊತೆಗಿಟ್ಟುಕೊಂಡು ಯಂತ್ರ ಕಟ್ಟಿದಳು. ತಟ್ಟೆ ಬಟ್ಟಲುಗಳ ಅಳತೆ ತೆಗೆದು ತಂತಿಯ ಗೂಡು ಮಾಡಿ, ಅವುಗಳ ಮೇಲೆ ಬಿಸಿ ಸೋಪುನೀರು ರಭಸದಿಂದ ಬೀಳುವ ಹಾಗೆ ಮಾಡಿದಳು. 1886ರ ಡಿಸೆಂಬರ್ 28ರಂದು ಪೇಟೆಂಟ್ ಸಿಕ್ಕಿತು. 1893ರ ಷಿಕಾಗೋ ವಿಶ್ವಮೇಳದಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಳು. ನಮ್ಮ ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಮೇಳದ ಅಂಗವಾಗಿ ನಡೆದದ್ದು. ಆ ಭಾಷಣ ನಮ್ಮ ಪಠ್ಯಪುಸ್ತಕಕ್ಕೆ ಬಂತು, ಬರಲೇಬೇಕಾದದ್ದು. ಈ ಹೆಂಗಸಿನ ಹೆಸರು ಮಾತ್ರ ಸಮಾಜ ಪಾಠ ಹೇಳಿದ ನನಗೂ ನಿವೃತ್ತಿಯಾಗುವವರೆಗೆ ಗೊತ್ತಿರಲಿಲ್ಲ. ತಾನು ನೇಮಿಸಿಕೊಂಡ ಗಂಡಸರು ತಮ್ಮ ದಾರಿಯಲ್ಲಿ ಮಾಡಿ ಸೋಲುವವರೆಗೆ ತನ್ನ ದಾರಿಯಲ್ಲಿ ಮಾಡಲು ಒಪ್ಪುತ್ತಿರಲಿಲ್ಲವೆಂದು ಆಕೆ ಹೇಳಿಕೊಂಡಿದ್ದಾಳೆ. ಓದಿದಾಗ ನಗು ಬಂತು. ನೂರಮೂವತ್ತು ವರ್ಷ ಕಳೆದರೂ ಆ ಗಂಡಸರು ನಮ್ಮ ತುಮಕೂರಿಗೂ ಬರುತ್ತಿದ್ದಾರೆ.

ಆಕೆಯನ್ನು ದೇವಿ ಮಾಡಿ ಕೂರಿಸುವುದೂ ಬೇಡ. ಕೆಲಸದವರ ಕೈಯ ಸೋಪಿನ ಹುಣ್ಣು ನೋಡಿ ಮರುಗಿ ಆಕೆ ಯಂತ್ರ ಕಟ್ಟಲಿಲ್ಲ. ಕೆಲಸದವರು ತೊಳೆಯುವಾಗ ತನ್ನ ಬೆಲೆಬಾಳುವ ಪಿಂಗಾಣಿಯ ಅಂಚು ಒಡೆಯುತ್ತದೆಂದು ಕಟ್ಟಿದಳು. ಈ ಮಾತು ನೆನಪಿರಲಿ, ಕಡೆಗೆ ನನಗೇ ತಿರುಗಿ ಬಡಿಯಲಿದೆ.

ಯಜಮಾನರು "8,500 ತಾನೇ, ಕೊಟ್ಟು ತಲೆನೋವು ಕಳಕೋಬಾರದೇನೇ" ಎಂದರು. ತಲೆನೋವು ಯಾರದು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಾನು ಮೆಷಿನ್ನಿನ ಜೊತೆ ಬಂದಿದ್ದ ಪುಸ್ತಕ ತೆಗೆದೆ. ಇಂಗ್ಲಿಷ್, ಹಿಂದಿ, ಇರುವೆ ಗಾತ್ರದ ಅಕ್ಷರ. ಕನ್ನಡನಾಡಿನಲ್ಲಿ ಮಾರುವ ವಸ್ತುವಿಗೆ ಕನ್ನಡದ ಒಂದು ಹಾಳೆ ಇಲ್ಲ. ಭೂತಗನ್ನಡಿ ಹಿಡಿದು ಎರಡು ಮಧ್ಯಾಹ್ನ ಓದಿದೆ. ಓದಿದ ಮೇಲೆ ಆಶ್ಚರ್ಯವಾಯಿತು. ಒಳಗೆ ಅಂಥ ಬ್ರಹ್ಮವಿದ್ಯೆ ಏನೂ ಇಲ್ಲ.

ತಳದಲ್ಲಿ ಒಂದಿಷ್ಟು ಲೀಟರ್ ನೀರು ನಿಲ್ಲುತ್ತದೆ, ಅಷ್ಟೆ. ಹೊರಗಿಂದ ಕೊಳಾಯಿಯ ನೀರು ಒಂದು ಪೈಪಿನಲ್ಲಿ ಒಳಬರುತ್ತದೆ. ತಳದ ನೀರನ್ನು ಪಂಪು ಮೇಲಕ್ಕೆತ್ತಿ, ತೂತುಗಳಿರುವ ತಿರುಗುವ ತೋಳುಗಳ ಮೂಲಕ ಪಾತ್ರೆಗಳ ಮೇಲೆ ಚಿಮ್ಮಿಸುತ್ತದೆ. ಕೊಳೆನೀರು ಇನ್ನೊಂದು ಪೈಪಿನಲ್ಲಿ ಹೊರಹೋಗುತ್ತದೆ. ಹೊಸ ನೀರು ಬರುತ್ತದೆ. ಬಾಗಿಲಿನ ಸುತ್ತ ರಬ್ಬರು, ಬಾಗಿಲಿನ ಕೆಳ ಅಂಚಿಗೆ ಬೇರೆಯೇ ಒಂದು ರಬ್ಬರು ಪಟ್ಟಿ. ಹಾಗಾದರೆ ನೀರು ಹೊರಬರಲು ಇರುವ ದಾರಿ ಬೆರಳೆಣಿಕೆಯಷ್ಟು. ಯಾವ ದಾರಿ ಎಂದು ತಿಳಿಯಲು ಎರಡೇ ಪ್ರಶ್ನೆ ಸಾಕು: ನೀರು ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ.

ಗೆಳತಿಯರೇ, ಇದನ್ನು ಬರೆದಿಟ್ಟುಕೊಳ್ಳಿ. ಮೆಷಿನ್ ಓಡದೆ ನಿಂತಿದ್ದಾಗಲೂ, ಅಥವಾ ನೀರು ತುಂಬಿಕೊಳ್ಳುವಾಗಲೇ ಹಿಂದುಗಡೆ ಒದ್ದೆಯಾದರೆ, ಕೊಳಾಯಿಗೆ ಸಿಕ್ಕಿಸಿದ ಪೈಪಿನ ನಟ್ಟು ಸಡಿಲವಾಗಿದೆ, ಇಲ್ಲವೇ ಅದರೊಳಗಿನ ರಬ್ಬರ್ ವಾಷರ್ ಸವೆದಿದೆ. ಕೊಳೆನೀರು ಹೊರಹೋಗುವಾಗ ಮಾತ್ರ ಸೋರಿದರೆ ಆ ಪೈಪಿನ ಕ್ಲಿಪ್ ಕಳಚಿದೆ, ಪೈಪು ಬಿರುಕು ಬಿಟ್ಟಿದೆ, ಇಲ್ಲವೇ ಮುಂದೆ ಕಟ್ಟಿಕೊಂಡು ನೀರು ಹಿಂದಕ್ಕೆ ಉಕ್ಕುತ್ತಿದೆ. ತೊಳೆಯುವ ಹೊತ್ತಿನಲ್ಲಿ ಮುಂದುಗಡೆ ಬಂದರೆ ಬಾಗಿಲಿನ ಕಡೆ ನೋಡಬೇಕು: ರಬ್ಬರಿನಲ್ಲಿ ಕೊಳೆ, ತಪ್ಪು ಸೋಪಿನ ನೊರೆ, ತಿರುಗುವ ತೋಳಿನ ಬಿರುಕು, ಓರೆಯಾಗಿಟ್ಟ ಬೋಗುಣಿಯೋ ಕುಕ್ಕರ್ ತಳವೋ ಚಿಲುಮೆಯನ್ನು ನೇರ ಬಾಗಿಲಿಗೆ ತಿರುಗಿಸುವುದು, ಅಥವಾ ಮೆಷಿನ್ನೇ ಮುಂದಕ್ಕೆ ವಾಲಿರುವುದು. ಹೊಟ್ಟೆಯ ಅಡಿಯಿಂದ, ನಡುಮಧ್ಯದಿಂದ ಬಂದರೆ ಆಗ ಪಂಪಿನ ಮೇಲೆ ಅನುಮಾನ ಪಡಬಹುದು. ನಮ್ಮ ಮೆಷಿನ್ನಿಗೆ ಹೊಟ್ಟೆಯಡಿ ಒಂದು ತಟ್ಟೆ ಇದೆಯಂತೆ, ಅದರಲ್ಲಿ ತೇಲುವ ಬಿರಡೆಯೊಂದು. ಒಳಗಡೆ ಸೋರಿ ತಟ್ಟೆಯಲ್ಲಿ ನೀರು ನಿಂತರೆ ಬಿರಡೆ ಮೇಲೆದ್ದು ಮೆಷಿನ್ನು ತಾನೇ ನಿಂತು ಎಚ್ಚರಿಸುತ್ತದೆ. ನಮ್ಮದು ಒಂದು ದಿನವೂ ನಿಂತಿರಲಿಲ್ಲ. ಆ ಹುಡುಗ ಈ ಪುಸ್ತಕದ ಆ ಒಂದು ಪುಟ ಓದಿದ್ದರೆ ಪಂಪಿನ ಹೆಸರೆತ್ತುತ್ತಿರಲಿಲ್ಲ.

ಮರುದಿನ ಪ್ಲಗ್ ಕಿತ್ತು, ಕೊಳಾಯಿ ತಿರುಗಿಸಿ, ಯಜಮಾನರಿಂದ ಮೆಷಿನ್ನನ್ನು ಒಂದು ಗೇಣು ಮುಂದೆಳೆಸಿ, ಸುತ್ತ ನಾಲ್ಕೂ ಕಡೆ ಹಳೆಯ ದಿನಪತ್ರಿಕೆ ಹಾಸಿದೆ. ಆಮೇಲೆ ಕೈ ಒರೆಸಿಕೊಂಡು ಪ್ಲಗ್ ಹಾಕಿ, ನೀರು ಬಿಟ್ಟು ಓಡಿಸಿದೆ. ಕಾಲು ಮಣೆ ಹಾಕಿಕೊಂಡು ಟಾರ್ಚ್ ಹಿಡಿದು ಎದುರಿಗೆ ಕೂತೆ. ಅತ್ತೆ ಮೊಣಕೈಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು. "ಹಾಲು ಕಾಯೋಕೆ ಕೂತ ಹಾಗೆ ಕೂತಿದೀಯಲ್ಲೇ" ಎಂದರು. ಹೌದು, ಹಾಲಿನ ಮುಂದೆ ಕೂರಬಲ್ಲವಳು ಇದರ ಮುಂದೆಯೂ ಕೂರಬಲ್ಲಳು. ನೀರು ತುಂಬಿತು, ಹಿಂದಿನ ಕಾಗದ ಒಣಗಿಯೇ ಇತ್ತು. ತೊಳೆಯಲು ಶುರುವಾಗಿ ಹತ್ತು ನಿಮಿಷಕ್ಕೆ ಮುಂದಿನ ಎಡಮೂಲೆಯ ಕಾಗದದ ಮೇಲೆ ಒಂದು ಬೊಟ್ಟು ಮೂಡಿತು. ಬೊಟ್ಟು ಬಟ್ಟಲಾಯಿತು, ಬಟ್ಟಲು ತಟ್ಟೆಯಾಯಿತು. ಕೊಳೆನೀರು ಹೊರಹೋಗುವಾಗ ಹಿಂದಿನ ಕಾಗದ ಆಗಲೂ ಒಣಗಿತ್ತು. ಪಂಪಿನ ಅಡಿಯ ಕಾಗದವೂ ಒಣಗಿತ್ತು. ಮೂರು ರೂಪಾಯಿಯ ರದ್ದಿ ಪೇಪರು 8,500 ರೂಪಾಯಿಯ ತೀರ್ಪನ್ನು ಸುಳ್ಳು ಮಾಡಿತು.

ಪ್ಲಗ್ ತೆಗೆದು, ತಣ್ಣಗಾದ ಮೇಲೆ ಬಾಗಿಲು ತೆರೆದು ರಬ್ಬರಿನ ಸುತ್ತ ಬೆರಳಾಡಿಸಿದೆ. ಮೇಲೆ, ಪಕ್ಕ ಎಲ್ಲ ನುಣುಪು. ಕೆಳಗಿನ ಎಡಮೂಲೆ, ಬಾಗಿಲು ತೆರೆದಾಗ ಕಣ್ಣಿಗೆ ಕಾಣದ ಸಂದಿ, ಅಲ್ಲಿ ಒಂದು ಅಡುಗೆಮನೆಯೇ ಇತ್ತು. ಸಾಸಿವೆ, ಕರಿಬೇವಿನ ದಂಟು, ಗಟ್ಟಿಯಾದ ಅನ್ನದ ಅಗುಳು, ಅದರ ಮೇಲೆ ನಮ್ಮ ಬೋರ್‌ವೆಲ್ಲಿನ ಗಡಸುನೀರಿನ ಬಿಳಿ ಹೊಪ್ಪಳೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಿಸಿನೀರಿನ ಬಟ್ಟೆಯಿಂದ ಒರೆಸಿದೆ. ತಿರುಗುವ ತೋಳು ಕಳಚಿ ತೂತುಗಳಲ್ಲಿ ಸಿಕ್ಕಿದ್ದ ಜೀರಿಗೆಯನ್ನು ಹಲ್ಲುಕಡ್ಡಿಯಿಂದ ತೆಗೆದೆ. ಜಾಲರಿ ತೊಳೆದೆ. ಸಂಜೆ ಮತ್ತೆ ಓಡಿಸಿದೆ. ನೀರು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಆದರೆ ನಿಂತಿರಲಿಲ್ಲ. ಅದೇ ಎಡಮೂಲೆ, ಈಗ ತಟ್ಟೆಯ ಬದಲು ಬಟ್ಟಲು. "ನಾನು ಹೇಳಲಿಲ್ವೇನೇ" ಎಂಬ ಮಾತು ಯಜಮಾನರ ಗಂಟಲವರೆಗೆ ಬಂದು ಅಲ್ಲೇ ನಿಂತದ್ದು ನನಗೆ ಕೇಳಿಸಿತು.

ಮಾರನೆಯ ದಿನ ಬೆಳಿಗ್ಗೆ ಮನೆಕೆಲಸದಾಕೆ ಬಂದಳು. ನೆಲ ಒರೆಸುವವಳು ಆಕೆಯೇ. ದೊಡ್ಡ ಪಾತ್ರೆ, ಕಬ್ಬಿಣದ ಬಾಣಲೆ, ಹಿತ್ತಾಳೆಯ ದೇವರ ಸಾಮಾನು ಇಂದಿಗೂ ಆಕೆಯ ಕೈಯಲ್ಲೇ ಬೆಳಗಬೇಕು. ಹಾಸಿದ್ದ ಕಾಗದ ನೋಡಿ "ಇದ್ಯಾಕಮ್ಮ ಹಾಸಿದೀರಾ?" ಎಂದಳು. ನೀರು ಎಲ್ಲಿಂದ ಬರುತ್ತೆ ಅಂತ ನೋಡ್ತಿದೀನಿ ಎಂದೆ. ಆಕೆ ಬಹಳ ಸಹಜವಾಗಿ ಹೇಳಿದಳು:

"ಈ ಮೂಲೇಲೆ ಬರೋದು. ದಸರಾ ಆದಾಗಿಂದ್ಲೂ ದಿನಾ ನಾನೇ ಒರೆಸ್ತಿಲ್ವಾ? ಮುಂದ್ಗಡೆ ಕಾಲಡಿ ಕಲ್ಲಿನ ಚೂರು ಇಕ್ಕಿದ್ರಲ್ಲ, ಬಣ್ಣದೋರು ಮಿಷಿನ್ ಎಳೆದಾಗ ಅದನ್ನ ತೆಗೆದು ಬಿಸಾಕಿದ್ರು. ಆವಾಗಿಂದ ಮುಂದಕ್ಕೆ ಬಗ್ಗದೆ ಅದು."

ನಾನು ಕಾಲುಮಣೆಯ ಮೇಲೆ ಕೂತೇ ಇದ್ದೆ.

ನಮ್ಮ ಕಡೆಯ ಮನೆಗಳ ಯುಟಿಲಿಟಿ ನೆಲ ಮಟ್ಟವಾಗಿರುವುದಿಲ್ಲ. ತೊಳೆದ ನೀರು ತೂಬಿಗೆ ಹರಿದುಹೋಗಲೆಂದು ಗಾರೆಯವರು ಬೇಕೆಂದೇ ಇಳಿಜಾರು ಕೊಡುತ್ತಾರೆ. ನಮ್ಮ ತೂಬು ಎಡಮೂಲೆಗಿದೆ. 2021ರಲ್ಲಿ ಮೆಷಿನ್ ಕೂರಿಸಿದವನು ಅದನ್ನು ನೋಡಿ ಮುಂದಿನ ಕಾಲುಗಳ ಕೆಳಗೆ ಗ್ರಾನೈಟ್ ಚೂರು ಇಟ್ಟಿದ್ದ. ದಸರಾಕ್ಕೆ ಬಣ್ಣ ಹೊಡೆಸಿದಾಗ ಅದು ಹೋಯಿತು. ಮೆಷಿನ್ನು ಮುಂದಕ್ಕೆ ವಾಲಿತು. ತಳದ ನೀರು ಬಾಗಿಲಿನ ಕಡೆಗೆ ಸರಿಯಿತು. ಪಂಪು ಎಬ್ಬಿಸುವ ಅಲೆ ಬಾಗಿಲ ಕೆಳ ಅಂಚಿಗೆ ಬಡಿಯತೊಡಗಿತು. ಆ ಕೆಳಪಟ್ಟಿ ಚಿಮ್ಮುವ ಹನಿಯನ್ನು ತಡೆಯಬಲ್ಲದು, ನಿಂತ ನೀರನ್ನು ತಡೆಯಲಾರದು. ಕೊಳೆ ತುಂಬಿದ ಮೂಲೆಯಲ್ಲಿ ಅದಕ್ಕೆ ದಾರಿ ಸಿಕ್ಕಿತು.

ಆಕೆ ಒಂದು ಸ್ಟೀಲ್ ತಟ್ಟೆಗೆ ಅರ್ಧ ನೀರು ಹಾಕಿ ಮೆಷಿನ್ನಿನ ತಲೆಯ ಮೇಲಿಟ್ಟಳು. ನೀರು ಮುಂದಿನ ಅಂಚಿಗೆ ಓಡಿ ನಿಂತಿತು. ಮದುವೆಗೆ ಮುಂಚೆ ನಾಲ್ಕು ವರ್ಷ ಗಾರೆ ಕೆಲಸಕ್ಕೆ ಹೋಗಿದ್ದಳಂತೆ. "ಮೇಸ್ತ್ರಿ ರಸಮಟ್ಟ ಇಡೋನು, ನಾವು ನೀರಿಟ್ಟು ನೋಡ್ತಿದ್ವಿ. ಎರಡೂ ಒಂದೇಯ" ಎಂದಳು. ಹಿತ್ತಿಲಿನಲ್ಲಿ ಬಿದ್ದಿದ್ದ ಗ್ರಾನೈಟ್ ಚೂರುಗಳನ್ನು ಹುಡುಕಿ ತಂದಳು. ಯಜಮಾನರು ಎತ್ತಿ ಹಿಡಿದರು, ಆಕೆ ಕಲ್ಲು ತಳ್ಳಿದಳು, ನಾನು ಸ್ಪ್ಯಾನರಿನಿಂದ ಕಾಲಿನ ತಿರುಪನ್ನು ಸುತ್ತು ಸುತ್ತಾಗಿ ತಿರುಗಿಸಿದೆ. ತಟ್ಟೆಯ ನೀರು ನಡುವಿಗೆ ಬಂದು ನಿಂತಿತು. ಪೇಪರ್ ಹಾಸಿ ಓಡಿಸಿದೆವು. ಒಂದು ಗಂಟೆ, ಎರಡು ಗಂಟೆ. ಕಾಗದ ಒಣಗಿಯೇ ಇತ್ತು. ಆ ಮೂಲೆಯಲ್ಲಿ ಅಂದಿನಿಂದ ನೀರು ಬಂದಿಲ್ಲ. ಖರ್ಚು ಸೊನ್ನೆ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಜಯವಾಗುತ್ತಿತ್ತು. ನಾಚಿಕೆಯ ಮಾತು ಹೇಳುತ್ತೇನೆ ಎಂದಿದ್ದೆನಲ್ಲ.

ಮೂರು ವಾರ ಆಕೆ ಆ ನೀರನ್ನು ಒರೆಸಿದ್ದಾಳೆ. ಎಲ್ಲಿಂದ ಬರುತ್ತದೆ, ಯಾವತ್ತಿನಿಂದ, ಯಾಕೆ, ಮೂರೂ ಆಕೆಗೆ ಗೊತ್ತಿತ್ತು. ಕಂಪನಿಯ ಹುಡುಗ ನನ್ನನ್ನು ಕೇಳಲಿಲ್ಲವೆಂದು ಕುದಿದ ನಾನು ಆಕೆಯನ್ನು ಕೇಳಿರಲಿಲ್ಲ. ಪುಸ್ತಕವನ್ನು ಕೇಳಿದೆ, ರದ್ದಿ ಪೇಪರನ್ನು ಕೇಳಿದೆ, ದಿನಾ ಎದುರಿಗೆ ಬಗ್ಗಿ ನೆಲ ಒರೆಸುವವಳನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. "ಯಾಕೆ ಹೇಳಲಿಲ್ಲ?" ಎಂದೆ. "ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ. ಮಿಷಿನ್ ವಿಷಯ ನಾನ್ಯಾಕೆ ಮಾತಾಡ್ಲಿ?" ಎಂದಳು.

ಮಿಷಿನ್ ವಿಷಯ ಆಕೆ ಯಾಕೆ ಮಾತಾಡುತ್ತಿರಲಿಲ್ಲವೋ ನನಗೆ ಚೆನ್ನಾಗಿ ಗೊತ್ತು. ಅದು ಬಂದ ತಿಂಗಳೇ ನಾನು ಆಕೆಯ ಸಂಬಳದಲ್ಲಿ 500 ರೂಪಾಯಿ ಕಡಿಮೆ ಮಾಡಿದ್ದೆ, ಪಾತ್ರೆ ಕಡಿಮೆಯಾಯಿತಲ್ಲ ಎಂದು. ಬಾಯಲ್ಲಿ ನ್ಯಾಯವಾದ ಲೆಕ್ಕ. ಆಕೆ ತಕರಾರು ಮಾಡಲಿಲ್ಲ, ಲಾಕ್‌ಡೌನಿನಲ್ಲಿ ಕೆಲಸ ಹೋದ ಹೆಂಗಸರು ತಕರಾರು ಮಾಡುವ ಸ್ಥಿತಿಯಲ್ಲಿರಲಿಲ್ಲ. ನನಗೆ ಉಳಿದ ಎರಡು ಗಂಟೆಯ ಬೆಲೆಯನ್ನು ಆಕೆ ತೆತ್ತಿದ್ದಳು. ಪಿಂಗಾಣಿ ಉಳಿಸಲು ಯಂತ್ರ ಕಟ್ಟಿದ ಶೆಲ್ಬಿವಿಲ್ಲಿನ ಆ ಹೆಂಗಸಿಗೂ ನನಗೂ ಏನು ವ್ಯತ್ಯಾಸ? ಆ ರಾತ್ರಿ ಮತ್ತೊಂದು ಲೆಕ್ಕ ಹಾಕಿದೆ. 2021ರ ಜುಲೈಯಿಂದ 2024ರ ಅಕ್ಟೋಬರ್‌ವರೆಗೆ 40 ತಿಂಗಳು, 20,000 ರೂಪಾಯಿ. ಪಂಪಿಗೆಂದು ಎತ್ತಿಟ್ಟಿದ್ದ 8,500ನ್ನು ಆಕೆಗೆ ಕೊಟ್ಟೆ. ಸಂಬಳ ಮೊದಲಿನಂತೆ ಮಾಡಿ, ಉಳಿದದ್ದನ್ನು ತಿಂಗಳು ತಿಂಗಳು ಸೇರಿಸಿ ತೀರಿಸಿದೆ. ಇದನ್ನು ದಾನವೆಂದು ಬರೆಯುತ್ತಿಲ್ಲ, ಬಾಕಿಯೆಂದು ಬರೆಯುತ್ತಿದ್ದೇನೆ. ಮನೆಗೆ ಮೆಷಿನ್ ತರುವ ಗೆಳತಿಯರು ಈ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ.

ಈಗ ನನ್ನ ಜಗಳದ ಕೊನೆಯ ಭಾಗ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಹೇಳುವುದೇನೆಂದರೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಆ 299 ನಿಮಿಷದ ಒಡನಾಡಿಗಳಾದ ಯಂತ್ರಗಳೆಲ್ಲ ನಮ್ಮ ಕೈಯಲ್ಲಿ ಓಡುತ್ತವೆ, 97 ನಿಮಿಷದವರ ಹೆಸರಿನಲ್ಲಿ ಇರುತ್ತವೆ. ಕೆಟ್ಟರೆ ಕೆಡಿಸಿದವಳು ನಾವು, ಸರಿಮಾಡಿಸುವ ಮಾತು ಅವರದು. ಬಿಚ್ಚಿ ನೋಡುವ ಹಕ್ಕಿಲ್ಲದ ವಸ್ತು ನಮ್ಮ ಅಡುಗೆಮನೆಯಲ್ಲಿದ್ದರೂ ನಮ್ಮದಲ್ಲ. 2022ರಲ್ಲಿ ದೆಹಲಿಯ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಒಂದು ಸಮಿತಿ ಮಾಡಿತು, ಆ ವರ್ಷದ ಕೊನೆಗೆ ಒಂದು ಜಾಲತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಆ ಹಕ್ಕು ದೆಹಲಿಯಿಂದ ತುಮಕೂರಿನ ಯುಟಿಲಿಟಿವರೆಗೆ ನಡೆದು ಬರಬೇಕಾದರೆ ನಾವು ಬಾಗಿಲು ತೆಗೆದಿರಬೇಕು.

ಎಲ್ಲವನ್ನೂ ನೀವೇ ಬಿಚ್ಚಿ ಎಂದು ನಾನು ಹೇಳುತ್ತಿಲ್ಲ. ವೈರು, ಹೀಟರು, ಮೋಟಾರಿನ ತಂಟೆ ನಮಗೆ ಬೇಡ. ಪ್ಲಗ್ಗಿನ ಬುಡದವರೆಗೆ ನೀರು ಹೋಗಿದ್ದರೆ, ಮುಟ್ಟಿದರೆ ಜುಂ ಎಂದರೆ, ಒದ್ದೆ ನೆಲದಲ್ಲಿ ನಿಂತು ಪ್ಲಗ್ಗಿಗೆ ಕೈ ಹಾಕದೆ ಮನೆಯ ಮೇನ್ ಆರಿಸಿ ಬಲ್ಲವರನ್ನು ಕರೆಯಿರಿ. ಬಲ್ಲ ಮೆಕ್ಯಾನಿಕ್ಕರೂ ಇದ್ದಾರೆ, ಕಲ್ಲಿನ ಚೂರಿಟ್ಟವನೂ ಒಬ್ಬ ಮೆಕ್ಯಾನಿಕ್ಕನೇ. ನಾನು ಕೇಳುವುದು ಇಷ್ಟೆ. ಮೆಷಿನ್ ಕೊಂಡರೆ ಅದನ್ನು ಓಡಿಸುವವಳ ನಂಬರನ್ನು ಬರೆಸಿ. ಕನ್ನಡದ ಪುಸ್ತಕ ಎಲ್ಲಿ ಎಂದು ಅಂಗಡಿಯಲ್ಲೇ ಕೇಳಿ. ಮೆಕ್ಯಾನಿಕ್ ಬಂದಾಗ ಕಾಫಿ ಮಾಡಲು ಒಳಗೆ ಹೋಗಬೇಡಿ, ಪಕ್ಕದಲ್ಲಿ ನಿಲ್ಲಿ. ನೀರು ಎಲ್ಲಿಂದ ಬಂತೆಂದು ತೋರಿಸದೆ ಬೆಲೆ ಹೇಳಿದರೆ ಕೊಡಬೇಡಿ. ಮತ್ತು ಯಾರನ್ನಾದರೂ ಕೇಳುವ ಮೊದಲು, ಆ ನೀರನ್ನು ದಿನಾ ಒರೆಸುವವಳನ್ನು ಕೇಳಿ.

ಕಂಪನಿಯಿಂದ ಹತ್ತು ದಿನದ ಮೇಲೆ ಫೋನ್ ಬಂತು, ಯಜಮಾನರಿಗೆ. ಪಂಪ್ ಹಾಕಿಸುತ್ತೀರಾ ಸರ್ ಎಂದು. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಮೆಷಿನ್ ವಿಷಯ ನನಗೆ ಗೊತ್ತಾಗಲ್ಲಪ್ಪ, ಮೇಡಂ ಹತ್ರ ಮಾತಾಡಿ" ಎಂದು ಫೋನು ನನ್ನ ಕೈಗೆ ಕೊಟ್ಟರು.